ಒಂದೇ ಸ್ಕ್ರೂ

ಬಲತುದಿ ಎದ್ದಿತ್ತು. ಕಣ್ಣಿಗೆ ಕಾಣುವಷ್ಟೇನಲ್ಲ, ಉಗುರಿಗೆ ಸಿಗುವಷ್ಟು.

ಅವಳು ಎಡತುದಿಯ ಸ್ಕ್ರೂ ಒಂದನ್ನೇ ಬಿಟ್ಟು ಮಿಕ್ಕ ನಾಲ್ಕನ್ನೂ ತೆಗೆದು ಬಟ್ಟಲಿಗೆ ಹಾಕಿದ್ದಳು. ಲೋಹದ ಕಮಾನಿನ ಬಲತುದಿಯ ಕೆಳಗೆ ಹೆಬ್ಬೆರಳ ಉಗುರನ್ನು ಮತ್ತೊಮ್ಮೆ ಆಡಿಸಿದಳು. ಮತ್ತೆ ತಡೆಯಿತು. ಎದ್ದು ನೀರು ಕುಡಿದು ಬಂದು ಇನ್ನೊಮ್ಮೆ ನೋಡಿದಳು. ನೀರು ಕುಡಿದು ಬಂದರೆ ಲೋಹ ನೆಟ್ಟಗಾಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಕೂತಲ್ಲಿ ಕೂರುವವಳಲ್ಲ. ಹಲ್ಲು ಕಟ್ಟುವ ಆ ಲ್ಯಾಬಿನಲ್ಲಿ ಬೆಸುಗೆ ಹಾಕುವ ಲೇಸರ್ ಯಂತ್ರದ ಮುಂದೆ ಅವಳನ್ನು ಕೂರಿಸಿದ ದಿನ ಯಜಮಾನರಿಗೇ ನಗು ಬಂದಿತ್ತಂತೆ. ಆದರೆ ಕೈ ಒಳ್ಳೆಯದಿತ್ತು. ಚಡಪಡಿಕೆಯೆಲ್ಲ ಕಾಲಿಗೆ ಇಳಿದುಬಿಟ್ಟಿದ್ದರಿಂದಲೋ ಏನೋ, ಕೈ ಮಾತ್ರ ಕದಲುತ್ತಿರಲಿಲ್ಲ.

ಮುಂದೆ ಪ್ಲಾಸ್ಟರಿನ ಅಚ್ಚು ಇತ್ತು: ಒಬ್ಬ ಮನುಷ್ಯನ ಮೇಲ್ದವಡೆಯ ಪಡಿಯಚ್ಚು. ಅದರಲ್ಲಿ ಐದು ಲೋಹದ ಪೀಠಗಳು. ಆ ಮನುಷ್ಯನ ದವಡೆಯ ಮೂಳೆಗೆ ಹಲ್ಲಿನ ಡಾಕ್ಟರಮ್ಮ ತಿರುಗಿಸಿ ಕೂರಿಸಿದ ಐದು ಟೈಟಾನಿಯಂ ಬೇರುಗಳು ಎಲ್ಲೆಲ್ಲಿವೆಯೋ ಅಲ್ಲಲ್ಲೇ ಇವೂ ಇದ್ದವು. ಅವುಗಳ ಮೇಲೆ ಈ ಕಮಾನು ಕೂರಬೇಕು, ಕಮಾನಿನ ಮೇಲೆ ಹಲ್ಲುಗಳು. ಕೂರುವುದು ಎಂದರೆ ಯಾರೂ ಒತ್ತದೆ ತಾನೇ ಕೂರುವುದು. ಒಂದು ತುದಿಯ ಸ್ಕ್ರೂ ಬಿಗಿದಾಗ ಇನ್ನೊಂದು ತುದಿ ಎದ್ದರೆ ಕಮಾನು ತಿರುಚಿಕೊಂಡಿದೆ ಎಂದು ಅರ್ಥ. ಐದೂ ಬಿಗಿದರೆ ಸಂದು ಮುಚ್ಚಿಹೋಗುತ್ತದೆ, ನೋಡಲು ಚಂದವಾಗಿಯೂ ಇರುತ್ತದೆ. ಆದರೆ ಆ ಜಗ್ಗಾಟ ಹಗಲೂ ರಾತ್ರಿ ಮೂಳೆಯ ಮೇಲೆ ಬೀಳುತ್ತದೆ. ಇವತ್ತೇ ಏನೂ ಆಗುವುದಿಲ್ಲ. ಒಂದು ದಿನ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಮೂಳೆಯೊಳಗಿನ ಬೇರೇ ಅಲ್ಲಾಡತೊಡಗುತ್ತದೆ.

ಅಚ್ಚು ಅವಳ ಮಾವನದು.

"ಕೂತಿತಾ?" ಯಜಮಾನರು ಒಳಕೋಣೆಯಿಂದ ಕೇಳಿದರು.

"ಕೂರ್ತಾ ಇದೆ."

"ಕೂರ್ತಾ ಇರೋಕೆ ಅದೇನು ಕೋಳೀನಾ? ಕೂತಿದೆ ಅನ್ನು, ಇಲ್ಲ ಕೂತಿಲ್ಲ ಅನ್ನು."

ಪಕ್ಕದ ಮೇಜಿನಲ್ಲಿ ಮೇಣದಕ್ಕ ನಕ್ಕಳು. ಮೇಣದಲ್ಲಿ ಹಲ್ಲು ಜೋಡಿಸುವ ಕೆಲಸ ಅವಳದ್ದು, ಆ ಹೆಸರು ಅದರಿಂದ ಬಂದದ್ದು. ಗಿರಗಿಟ್ಲೆ ಮತ್ತೆ ಉಗುರು ಆಡಿಸಿದಳು.

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಕದಲ್ಲಿ ಬಂದ ಕಮಾನು ಇಡಿಯಾಗಿ ಕೂರಲಿಲ್ಲವೆಂದು ಬೆಳಿಗ್ಗೆ ಅದನ್ನು ನಡುವೆ ಕತ್ತರಿಸಿದ್ದಳು. ಎರಡು ತುಂಡುಗಳೂ ಬೇರೆ ಬೇರೆಯಾಗಿ ಚೆನ್ನಾಗಿಯೇ ಕೂತಿದ್ದವು. ಬೆಸೆಯುವುದಷ್ಟೇ ಬಾಕಿ. ಲೇಸರ್ ಒಂದು ಚುಕ್ಕಿಯಷ್ಟು ಲೋಹವನ್ನು ಕರಗಿಸುತ್ತದೆ. ಆ ಚುಕ್ಕಿ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಎರಡೂ ತುಂಡುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದಕ್ಕೇ ತುಟಿಯ ಕಡೆಗೊಂದು ಚುಕ್ಕಿ ಹಾಕಿದರೆ ಮುಂದಿನದು ನಾಲಿಗೆಯ ಕಡೆಗೆ, ಮೇಲೊಂದು ಹಾಕಿದರೆ ಕೆಳಗೊಂದು. ನಡುವೆ ಆರಲು ಬಿಡಬೇಕು. ಇದನ್ನು ಅವಳೇ ಇಬ್ಬರು ಹೊಸಬರಿಗೆ ಕಲಿಸಿದ್ದಳು.

ನಾಲ್ಕು ಚುಕ್ಕಿ ಹಾಕುವಷ್ಟರಲ್ಲಿ ಅತ್ತೆಯ ಫೋನು ಬಂದಿತ್ತು. ಕೈ ಎರಡೂ ಯಂತ್ರದ ತೂತುಗಳೊಳಗೆ, ಕಣ್ಣು ಸೂಕ್ಷ್ಮದರ್ಶಕದಲ್ಲಿ. ಮೇಣದಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಯಂತ್ರದ ಮೇಲೆ ಇಟ್ಟಿದ್ದಳು.

"ಏನೇ, ಆಯ್ತಾ ನಿಮ್ಮ ಮಾವನ ಹಲ್ಲು? ಬೆಳಿಗ್ಗೆ ಎದ್ದಾಗಿಂದ ಗೋಡೆಗೆ ಕಾಗದ ಇಟ್ಕೊಂಡು ಊದ್ತಾ ನಿಂತಿದ್ದಾರೆ. ಉಸಿರಲ್ಲಿ ಕಾಗದ ಗೋಡೆಗೆ ಅಂಟ್ಕೊಂಡಿರ್ಬೇಕಂತೆ. ತುತ್ತೂರಿಗೆ ಅಭ್ಯಾಸವಂತೆ. ಪಕ್ಕದ ಮನೆಯವಳು ಕಿಟಕೀಲಿ ನೋಡಿ, ನಿಮ್ಮನೆಯವ್ರು ಗೋಡೆ ಜೊತೆ ಜಗಳ ಆಡ್ತಿದ್ದಾರಾ ಅಂತ ಕೇಳಿದ್ಲು."

"ಅತ್ತೆ, ಕೆಲಸದಲ್ಲಿದೀನಿ."

"ಕೆಲಸ ಮಾಡು, ಯಾರು ಬೇಡ ಅಂದ್ರು? ಬ್ಯಾಂಡಿನ ಆ ಬಲೂನು ಮನೆ ಹತ್ರ ಬಂದಿದ್ದ. ಭಾನುವಾರ ಬರ್ತೀರಾ ಹೆಂಗೆ ಅಂತ ವಿಚಾರಿಸ್ಕೊಂಡು ಹೋದ. ಮುಖದಲ್ಲಿ ಏನು ಕಾಳಜಿ ಅಂತೀಯ. ಇವರು ಟವೆಲ್ಲಲ್ಲಿ ಬಾಯಿ ಮುಚ್ಕೊಂಡೇ ಮಾತಾಡಿದ್ರು."

ಅತ್ತೆ ಮಾತಾಡುತ್ತಿದ್ದಷ್ಟು ಹೊತ್ತೂ ಸೊಸೆಯ ಕಾಲು ಲೇಸರ್ ಬಿಡುವ ಪೆಡಲಿನ ಮೇಲೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಫೋನು ಇಟ್ಟ ಮೇಲೆ ನೋಡಿದರೆ ತುಟಿಯ ಕಡೆ ಹೊಲಿಗೆ ಯಂತ್ರ ಓಡಿಸಿದಂತೆ ಸಾಲಾಗಿ ಚುಕ್ಕಿಗಳು. ಒಂದರ ಮೇಲೊಂದು, ಆರಲು ಬಿಡದೆ, ಒಂದೇ ಕಡೆ. ಅಂದವಾದ ಸಾಲು. ಕಮಾನು ಅಷ್ಟೇ ಅಂದವಾಗಿ ಸೊಟ್ಟಗಾಗಿತ್ತು.

ಸೊಟ್ಟಗಾದದ್ದನ್ನು ಎಳೆದು ತರುವ ಉಪಾಯವೂ ಬೆಸುಗೆಯವರಿಗೆ ಗೊತ್ತಿರುತ್ತದೆ. ಎದುರು ಕಡೆ ಎರಡು ಚುಕ್ಕಿ ಜೋರಾಗಿ ಹಾಕಿದರೆ ಲೋಹ ಆ ಕಡೆಗೆ ಎಳೆಯುತ್ತದೆ. ಅವಳು ಎಳೆದಳು. ತುದಿ ಕೂತಿತು, ನಡು ಎದ್ದಿತು. ನಡುವನ್ನು ಎಳೆದಳು. ತುದಿ ಮತ್ತೆ ಎದ್ದಿತು. ಯಜಮಾನರ ನಿಯಮ ಗೋಡೆಯ ಮೇಲೆ ಬರೆದಿಲ್ಲವಾದರೂ ಎಲ್ಲರ ಬಾಯಲ್ಲಿತ್ತು: ಎರಡು ಸಲ ಎಳೆಯಿರಿ, ಮೂರನೆಯ ಸಲ ಕೈ ಹಾಕುವುದಾದರೆ ಕತ್ತರಿಸುವುದಕ್ಕೆ ಮಾತ್ರ. ಕತ್ತರಿಸಿದರೆ ಇಷ್ಟು ಬೆಸುಗೆ ತಿಂದ ತುಂಡುಗಳನ್ನು ಹಳೆಯ ಅಚ್ಚಿನ ಮೇಲೆ ನಂಬುವಂತಿಲ್ಲ. ಬಾಯಿಯಲ್ಲೇ ಮತ್ತೆ ಕೂರಿಸಿ, ಜೋಡಿಸಿ, ಹೊಸ ಅಚ್ಚು ಎರೆಯಬೇಕು. ಒಂದು ವಾರ ಹೋಗುತ್ತದೆ.

ಅವಳ ಹತ್ತಿರ ಒಂದು ವಾರ ಇರಲಿಲ್ಲ.

ಮಾವ ನಗರಸಭೆಯ ಬ್ಯಾಂಡಿನಲ್ಲಿ ಮೊದಲ ತುತ್ತೂರಿ. ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತದ್ದನ್ನು ಯಾರೂ ನೋಡಿರಲಿಲ್ಲ. ಮೇಲಿನ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ, ಕೊನೆಗೆ ಎಲ್ಲವನ್ನೂ ಕೀಳಬೇಕಾಗಿ ಬಂದಾಗ ಮೊದಲು ಹಾಕಿದ್ದು ಎಲ್ಲರೂ ಹಾಕಿಕೊಳ್ಳುವ ತೆಗೆದಿಡುವ ಸೆಟ್ಟು. ಅದನ್ನು ಹಾಕಿಕೊಂಡು ನಡುಮನೆಯಲ್ಲಿ ನಿಂತು ಮೊದಲ ಸಲ ಊದಿದರು. ಸೆಟ್ಟು ಜಾರಿ ತುತ್ತೂರಿಗೆ ಟಕ್ಕೆಂದು ಬಡಿದು, ಬಾಯಿ ತೆರೆಯುತ್ತಲೇ ನೆಲಕ್ಕೆ ಬಿದ್ದು, ಸೋಫಾದ ಕೆಳಗೆ ಹೋಯಿತು. ಅತ್ತೆ ಕೂತು ನಕ್ಕರು, ಆಮೇಲೆ ನಿಲ್ಲಲಾರದೆ ಗೋಡೆ ಹಿಡಿದು ನಕ್ಕರು. ಮಾವ ಸೆಟ್ಟನ್ನು ಅಲ್ಲೇ ಬಿಟ್ಟು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಗ ಸೊಸೆಯೇ ಹೇಳಿದ್ದು: ಮೂಳೆಗೇ ಬೇರು ಕೂರಿಸೋಣ, ಅದರ ಮೇಲೆ ಸ್ಕ್ರೂ ಹಾಕಿ ಹಲ್ಲು ಬಿಗಿಯೋಣ, ತುತ್ತೂರಿ ಅಲ್ಲ ಕಹಳೆ ಊದಿದರೂ ಅಲ್ಲಾಡಲ್ಲ, ಕಮಾನು ನಾನೇ ಮಾಡ್ತೀನಿ. ಅವಳ ಗಂಡ, "ಹೆಚ್ಚುಕಮ್ಮಿ ಆದ್ರೆ ಅಪ್ಪ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ, ಬೇಡ, ಬೇರೆಯವರು ಮಾಡ್ಲಿ," ಎಂದಿದ್ದ. "ನನ್ನ ಕೆಲಸ ನನಗೆ ಗೊತ್ತು," ಎಂದಿದ್ದಳು. ಎಲ್ಲರ ಮುಂದೆ, ಅದೂ ಸ್ವಲ್ಪ ಜೋರಾಗಿಯೇ.

ಬೇರು ಮೂಳೆಗೆ ಕಚ್ಚಿಕೊಳ್ಳಲು ತಿಂಗಳುಗಳೇ ಬೇಕಾದವು. ಅಷ್ಟರಲ್ಲಿ ಬ್ಯಾಂಡಿಗೆ ಹೊಸ ಮೇಷ್ಟ್ರು ಬಂದರು. ಬರುವ ಭಾನುವಾರ ಪ್ರತಿಯೊಬ್ಬರನ್ನೂ ಊದಿಸಿ ಕೇಳಿ ಹೊಸದಾಗಿ ಕುರ್ಚಿ ಹಂಚುತ್ತೇನೆ ಎಂದು ಹೇಳಿದರು. ಮಾವನ ಪಕ್ಕದಲ್ಲೇ ಎರಡನೆಯ ತುತ್ತೂರಿ ಊದುವವನಿಗೆ ಊದುವಾಗ ಕೆನ್ನೆ ಉಬ್ಬುತ್ತಿದ್ದುದರಿಂದ ಬಲೂನು ಎಂಬ ಹೆಸರು. ಅವನಿಗೆ ಆ ಕುರ್ಚಿಯ ಮೇಲೆ ಎಂದಿನಿಂದಲೋ ಕಣ್ಣು. ನಾಳೆ ಮಂಗಳವಾರ ಕಮಾನು ಬಾಯಿಯಲ್ಲಿ ಕೂತರೆ ಶನಿವಾರಕ್ಕೆ ಹಲ್ಲು ಸಿದ್ಧ. ಕೂರದಿದ್ದರೆ ಭಾನುವಾರ ಕೈಬಿಟ್ಟ ಹಾಗೆ.

ಅವಳು ಮೂರನೆಯ ಸಲ ಎಳೆದಳು. ಬಲತುದಿ ಇಳಿಯಿತು, ಆದರೆ ಪೂರ್ತಿ ಅಲ್ಲ. ಐದೂ ಸ್ಕ್ರೂ ಬಿಗಿದು ಅಚ್ಚನ್ನು ದೀಪಕ್ಕೆ ಹಿಡಿದಳು. ಸಂದು ಇಲ್ಲ. ಬೆಳಕು ಎಲ್ಲೂ ನುಸುಳುತ್ತಿಲ್ಲ. ಯಾರಾದರೂ ನೋಡಿದರೆ ಭೇಷ್ ಎನ್ನುವಂತಿತ್ತು.

"ಕೂತಿದೆ," ಎಂದು ಕೂಗಿದಳು.

ಮೇಣದಕ್ಕ ತಲೆಯೆತ್ತಿ ನೋಡಿದಳು. "ಒಂದೇ ಸ್ಕ್ರೂ ಹಾಕಿ ನೋಡಿದ್ಯಾ?"

"ನೋಡಿದೆ ಅಕ್ಕ."

ಸುಳ್ಳಲ್ಲ. ನೋಡಿಯಂತೂ ಇದ್ದಳು.

*

ಸಂಜೆ ಮನೆಯಲ್ಲಿ ಅವಳು ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚಿದಳು. ಕಪಾಟಿನ ಪಾತ್ರೆ ತೆಗೆದು, ಒರೆಸಿ, ಬೇರೆ ಕಡೆ ಇಟ್ಟು, ಅಲ್ಲಿಂದ ತೆಗೆದು ಮೊದಲಿನ ಜಾಗಕ್ಕೇ ಇಟ್ಟಳು.

"ಪಾತ್ರೆಗಳು ಏನು ತಪ್ಪು ಮಾಡಿದ್ವೇ?" ಎಂದರು ಅತ್ತೆ. "ಒಂದು ಕಡೆ ಕೂತ್ಕೋ. ನಿನ್ನ ನೋಡಿದ್ರೆ ನನಗೆ ತಲೆ ಸುತ್ತತ್ತೆ."

ಮಾವ ಪಕ್ಕದ ಕೋಣೆಯಲ್ಲಿ ಹಾಲಿನಲ್ಲಿ ಬ್ರೆಡ್ ನೆನೆಸಿಕೊಂಡು ತಿನ್ನುತ್ತಿದ್ದರು. ಹಲ್ಲು ಹೋದಾಗಿನಿಂದ ಅವರು ಸೊಸೆಯ ಮುಂದೆ ಒಂದು ತುತ್ತೂ ತಿಂದಿರಲಿಲ್ಲ. ಅವಳ ಮೇಜಿನ ಮೇಲೆ ಅವರ ದವಡೆ ವಾರಗಟ್ಟಲೆ ಬಿದ್ದುಕೊಂಡಿತ್ತು, ಎಡಗಡೆ ಒಸಡು ಎಲ್ಲಿ ತಗ್ಗಾಗಿದೆ ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಅವರು ಮಾತ್ರ ಅವಳು ಎದುರಾದರೆ ಟವೆಲ್ಲಿನ ತುದಿಯನ್ನು ಬಾಯಿಗೆ ತಂದುಕೊಳ್ಳುತ್ತಿದ್ದರು.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು ಕೇಳು," ಒಳಗಿನಿಂದ ಹೆಂಡತಿಗೆ ಹೇಳಿದರು.

"ನೀವೇ ಕೇಳಿ, ಇಲ್ಲೇ ಇದಾಳೆ."

"ಕೇಳು ಅಂದ್ರೆ ಕೇಳು."

"ಎಷ್ಟು ಹೊತ್ತಿಗೇ?"

"ಬೆಳಿಗ್ಗೆ ಕ್ಲಿನಿಕ್ ತೆಗೆದ ತಕ್ಷಣ," ಎಂದಳು ಸೊಸೆ.

"ಸರಿಯಾಗಿ ಬಂದಿದ್ಯಂತಾ?"

ಅತ್ತೆ ಅವಳ ಮುಖ ನೋಡಿದರು. ಅವಳು ಚಮಚಗಳನ್ನು ಎಣಿಸತೊಡಗಿದಳು. "ಬಾಯಲ್ಲಿ ನೋಡ್ಬೇಕು ಅತ್ತೆ."

"ಬಾಯಲ್ಲಿ ನೋಡ್ಬೇಕಂತೆ," ಅತ್ತೆ ಒಳಕ್ಕೆ ದಾಟಿಸಿದರು. ಒಳಗೆ ಗೋಡೆಗೆ ಕಾಗದ ಇಟ್ಟು ಊದುವ ಸುಯ್ ಎಂಬ ಶಬ್ದ ಶುರುವಾಯಿತು.

*

ಡಾಕ್ಟರಮ್ಮ ಅವಸರದ ಹೆಂಗಸಲ್ಲ. ಕಮಾನನ್ನು ತೊಳೆದು, ಬೆಸುಗೆಯ ಮೇಲೆ ಬೆರಳಾಡಿಸಿ, ಎಡತುದಿಯ ಸ್ಕ್ರೂವನ್ನು ಮೊದಲು ಬಿಗಿದು ಬಲಗಡೆ ಬಾಗಿ ಬಹಳ ಹೊತ್ತು ನೋಡಿದರು. ಮಾವ ಕುರ್ಚಿಯಲ್ಲಿ ಮಲಗಿದ್ದರು. ಎದೆಯ ಮೇಲೆ ನೀಲಿ ಕಾಗದದ ಹೊದಿಕೆ, ಬಲಗೈಯ ಮೂರು ಬೆರಳು ಕುರ್ಚಿಯ ತೋಳಿನ ಮೇಲೆ ತುತ್ತೂರಿಯ ಗುಂಡಿ ಒತ್ತುವಂತೆ ಮೇಲೆ ಕೆಳಗೆ ಆಡುತ್ತಿದ್ದವು. ಸೊಸೆ ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು.

"ಬಲಗಡೆ ಬೇರು ಒಸಡಿನ ಕೆಳಗೆ ಆಳದಲ್ಲಿದೆ. ಅಂಚು ನನಗೆ ಕಾಣ್ತಿಲ್ಲ," ಎಂದರು ಡಾಕ್ಟರಮ್ಮ. "ಎಕ್ಸ್‌ರೇ ತೆಗೀತೀನಿ. ಆದ್ರೆ ತೀರಾ ಸಣ್ಣ ಸಂದು ಇದ್ರೆ ಅದ್ರಲ್ಲೂ ಒಮ್ಮೊಮ್ಮೆ ತಪ್ಪಿಸ್ಕೊಳ್ಳತ್ತೆ. ಅಚ್ಚಿನ ಮೇಲೆ ನೋಡಿದವರು ನೀವು. ಒಂದೇ ಸ್ಕ್ರೂ ಹಾಕಿದಾಗ ಈ ತುದಿ ಕೂತಿತ್ತಾ?"

ಮಾವ ಬಾಯಿ ತೆರೆದುಕೊಂಡೇ ಹೆಬ್ಬೆರಳೆತ್ತಿ ತೋರಿಸಿದರು. ಸರಿಯಿದೆ ಎಂದು.

ಕೂತಿತ್ತು ಎಂದರೆ ಮುಗಿಯಿತು. ಶನಿವಾರ ಹಲ್ಲು, ಭಾನುವಾರ ಕುರ್ಚಿ. ಮುಂದೊಂದು ದಿನ ಏನಾದರೂ ಮುರಿದರೆ ಅದಕ್ಕೆ ಹೇಳಲು ಹತ್ತು ಕಾರಣಗಳಿರುತ್ತವೆ. ಅಳತೆ ತಪ್ಪು ಎಂದು ಲ್ಯಾಬಿನವರು ಹೇಳುತ್ತಾರೆ, ಬೆಸುಗೆ ತಪ್ಪು ಎಂದು ಕ್ಲಿನಿಕ್ಕಿನವರು ಹೇಳುತ್ತಾರೆ, ಇಬ್ಬರೂ ಸೇರಿ ರೋಗಿಯ ಮೂಳೆಯೇ ಮೆದು ಎನ್ನುತ್ತಾರೆ. ಅವಳು ಈ ಜಗಳಗಳನ್ನು ಎಷ್ಟೋ ಕೇಳಿದ್ದಳು. ಅವುಗಳಲ್ಲೆಲ್ಲ ಬಾಯಿ ಯಾರದ್ದೋ ಆಗಿರುತ್ತಿತ್ತು. ಈ ಬಾಯಿ ದಿನಾ ಪಕ್ಕದ ಕೋಣೆಯಲ್ಲಿ ಊಟ ಮಾಡುವುದು.

"ಮಾವ, ಬಿಗಿ ಅನಿಸ್ತಿದ್ಯಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ತಡವಿಲ್ಲದೆ, ತುಂಬ ಬೇಗ.

"ಕೂತಿರ್ಲಿಲ್ಲ ಮೇಡಂ," ಎಂದಳು. "ಬಲಗಡೆ ಎದ್ದಿತ್ತು. ಒಂದೇ ಕಡೆ ಹೆಚ್ಚು ಬೆಸುಗೆ ಬಿತ್ತು, ಆಮೇಲೆ ಎಳೆದೆ. ಮೂರು ಸಲ. ಐದೂ ಬಿಗಿದು ತಂದೆ."

ಡಾಕ್ಟರಮ್ಮ ಕೈಯಲ್ಲಿದ್ದ ತಿರುಪುಳಿಯನ್ನು ತಟ್ಟೆಯಲ್ಲಿಟ್ಟರು. "ಗೊತ್ತಿದ್ದೂ ತಂದ್ರಾ?"

"ಹೌದು."

"ನಿಮ್ಮ ಯಜಮಾನರಿಗೆ ಗೊತ್ತಾ?"

"ಇಲ್ಲ."

ಡಾಕ್ಟರಮ್ಮ ಸ್ಕ್ರೂ ಬಿಚ್ಚಿ ಕಮಾನನ್ನು ಹೊರಗೆ ತೆಗೆದರು. ಅದು ಬಾಯಿಂದ ಬಂದದ್ದೇ ತಡ, ಮಾವ ಎದ್ದು ಕೂತರು. ಟವೆಲ್ಲಿಗಾಗಿ ತಡಕಾಡಿದರು, ಸಿಗಲಿಲ್ಲ, ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದರು.

"ನೀನು ಸುಮ್ನಿರಮ್ಮ. ಡಾಕ್ಟ್ರೇ, ಕೂತಿದೆ. ನನ್ನ ಬಾಯಿ ನನಗೆ ಗೊತ್ತಾಗಲ್ವಾ?"

"ನಿಮ್ಮ ಬಾಯಿಗೆ ಇದು ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ ಯಜಮಾನ್ರೇ."

"ಭಾನುವಾರ ಒಂದು ಮುಗೀಲಿ. ಸೋಮವಾರ ಬಂದು ಇದೇ ಕುರ್ಚೀಲಿ ಮಲಗ್ತೀನಿ. ಬಿಚ್ಚಿ, ಕುಯ್ಯಿರಿ, ಕರಗಿಸಿ ಉಂಗುರ ಮಾಡ್ಕೊಳ್ಳಿ, ನಾನು ಕೇಳಲ್ಲ."

"ಹಲ್ಲು ಕೂರಿಸಿದ ಮೇಲೆ ಕತ್ತರಿಸಿದ್ರೆ ಹಲ್ಲು, ಕಮಾನು ಎರಡೂ ಹಾಳು. ಮತ್ತೆ ಮೊದಲಿಂದ. ಕತ್ತರಿಸೋದಾದ್ರೆ ಈಗಲೇ."

ಮಾವ ಸೊಸೆಯ ಕಡೆ ತಿರುಗಿದರು. ಮದುವೆಯಾಗಿ ಬಂದಾಗಿನಿಂದ ಅವಳನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. "ನಿನ್ನ ಕೆಲಸ ನಿನಗೆ ಗೊತ್ತು ಅಂದಿದ್ದೆ," ಎಂದರು.

"ಹೌದು ಮಾವ."

"ನಿನ್ನೆ ರಾತ್ರೀನೇ ಹೇಳಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಅವರು ಮತ್ತೆ ಮಲಗಿ ಕಣ್ಣು ಮುಚ್ಚಿಕೊಂಡರು. ಮಾಡಿಕೊಳ್ಳಿ ಎಂಬಂತೆ.

ಕತ್ತರಿಸಲು ಡಾಕ್ಟರಮ್ಮ ಅವಳಿಗೇ ಕೊಟ್ಟರು. ಹಿಂದಿನ ಕೋಣೆಯಲ್ಲಿ ತೆಳ್ಳನೆಯ ಚಕ್ರ ಇಟ್ಟುಕೊಂಡು ನಿನ್ನೆ ತಾನೇ ಹಾಕಿದ ಬೆಸುಗೆಯನ್ನು ತಾನೇ ಸೀಳಿದಳು. ಚಕ್ರ ಕೊನೆ ಮುಟ್ಟುವಾಗ ಎರಡು ತುಂಡುಗಳು ಟಿಕ್ಕೆಂದು ತಮ್ಮಷ್ಟಕ್ಕೆ ದೂರ ಸರಿದವು. ಅಷ್ಟು ಜಗ್ಗಾಟ ಅದರೊಳಗೆ ಕೂತಿತ್ತು.

ಬೇರೆ ಬೇರೆಯಾಗಿ ಬಾಯಿಗಿಟ್ಟಾಗ ಎರಡೂ ತುಂಡು ತಕರಾರಿಲ್ಲದೆ ಕೂತವು. ಇನ್ನು ಅವು ಹೇಗಿವೆಯೋ ಹಾಗೇ ಅಲ್ಲೇ ಹಿಡಿದು ಅಂಟಿಸಬೇಕು. ಡಾಕ್ಟರಮ್ಮ ಸಣ್ಣ ಕುಂಚದಲ್ಲಿ ಕೆಂಪು ಅಂಟನ್ನು ಹನಿಹನಿಯಾಗಿ ಸಂದಿಗೆ ತುಂಬತೊಡಗಿದರು. ಅದು ಕಲ್ಲಾಗುವವರೆಗೆ ಬಾಯಿ ಅಲ್ಲಾಡುವಂತಿಲ್ಲ, ಎಂಜಲು ತಾಗುವಂತಿಲ್ಲ. ಸಹಾಯಕಿ ಆ ದಿನ ರಜೆ. ಎಂಜಲು ಹೀರುವ ಕೊಳವೆಯನ್ನು ಸೊಸೆ ಹಿಡಿಯಬೇಕಾಯಿತು.

ಹಾಗೆ ಅವಳು ಮಾವನ ತೆರೆದ ಬಾಯಿಯ ಮೇಲೆ ಬಾಗಿ ನಿಂತಳು. ಪ್ಲಾಸ್ಟರಿನಲ್ಲಿ ಬಿಳಿಯಾಗಿದ್ದದ್ದೆಲ್ಲ ಇಲ್ಲಿ ಕೆಂಪಗೆ, ಒದ್ದೆಯಾಗಿ, ಉಸಿರಾಡುತ್ತಿತ್ತು. ಅವರು ಛಾವಣಿಯನ್ನೇ ನೋಡುತ್ತಿದ್ದರು. ನಾಚಿಕೆಯೋ ಕೋಪವೋ, ಕಿವಿಯ ತುದಿ ಕೆಂಪಾಗಿತ್ತು. ಅವಳ ಕಾಲು ಕುಣಿಯಲು ಹವಣಿಸುತ್ತಿತ್ತು. ತೊಡೆಯನ್ನು ಕುರ್ಚಿಯ ಅಂಚಿಗೆ ಒತ್ತಿ ಅದನ್ನು ತಡೆದಳು.

"ಅಲ್ಲಾಡ್ಬೇಡಿ," ಎಂದರು ಡಾಕ್ಟರಮ್ಮ. ಇಬ್ಬರಲ್ಲಿ ಯಾರಿಗೆಂದು ಹೇಳಲಿಲ್ಲ. ಇಬ್ಬರೂ ಅಲ್ಲಾಡಲಿಲ್ಲ.

*

ಯಜಮಾನರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿದರು. "ಅಲ್ಲಿ ಬಾಯಿ ಬಿಟ್ಟದ್ದು ಒಳ್ಳೇದಾಯ್ತು. ಇಲ್ಲೇ ಬಿಟ್ಟಿದ್ರೆ ಇನ್ನೂ ಒಳ್ಳೇದಿತ್ತು. ಹೋಗು, ಅಚ್ಚು ಎರಿ."

ಅಷ್ಟೇ. ಬೈದಿದ್ದರೆ ವಾಸಿಯಿತ್ತು ಅನಿಸಿತು ಅವಳಿಗೆ. ಬೈಗುಳ ತಿಂದು ಮುಗಿಸಬಹುದು. ಇದು ಹಾಗೇ ಉಳಿಯಿತು.

ಹೊಸ ಅಚ್ಚು ಒಣಗಿದ ಮರುದಿನ ಅವಳು ಫೋನನ್ನು ಮೇಣದಕ್ಕನ ಡ್ರಾಯರಿಗೆ ಹಾಕಿ ಯಂತ್ರದ ಮುಂದೆ ಕೂತಳು. ಚಪ್ಪಲಿ ತೆಗೆದು ಬರಿಗಾಲನ್ನು ಪೆಡಲಿನ ಪಕ್ಕದ ತಣ್ಣನೆ ನೆಲಕ್ಕೆ ಊರಿದಳು. ಒಂದು ಚುಕ್ಕಿ ಬೇಕೆಂದರೆ ಕಾಲೆತ್ತಿ ಪೆಡಲಿಗೆ ಇಡಬೇಕು, ಚುಕ್ಕಿ ಬಿದ್ದ ಮೇಲೆ ಮತ್ತೆ ನೆಲಕ್ಕೆ ತರಬೇಕು. ಕಾಲಿಗೆ ಅಲ್ಲೇ ಬಿಡಾರ ಹೂಡಲು ಅವಕಾಶವಿಲ್ಲ.

"ಇದೇನು ನಾಟ್ಯಾನಾ?" ಎಂದಳು ಮೇಣದಕ್ಕ.

"ಸುಮ್ನಿರು ಅಕ್ಕ. ಮಾತಾಡಿಸ್ಬೇಡ."

ತುಟಿಯ ಕಡೆ ಒಂದು. ಕಾಲು ನೆಲಕ್ಕೆ. ಗಾಜಿನ ಹಿಂದೆ ಬೆಸುಗೆ ಕಪ್ಪಾಗದಂತೆ ಬಿಡುವ ಅನಿಲ ಸುಯ್ಗುಡುತ್ತಿತ್ತು. ನಾಲಿಗೆಯ ಕಡೆ ಒಂದು. ಕಾಲು ನೆಲಕ್ಕೆ. ಚಕ್ರ ತಿಂದ ಸಂದನ್ನು ತುಂಬಲು ಕೂದಲಿನಂಥ ತಂತಿ ಹಿಡಿದು ಮೇಲೊಂದು, ಕೆಳಗೊಂದು. ಆಮೇಲೆ ಅಚ್ಚನ್ನು ಹೊರಗೆ ತೆಗೆದು ಬೆಸುಗೆಯನ್ನು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡುವುದು, ಬಿಸಿ ಇದ್ದರೆ ಕಾಯುವುದು. ಕಾಯುವುದೇ ಕಷ್ಟ. ಅಷ್ಟು ಹೊತ್ತಿನಲ್ಲಿ ಆ ಕೋಣೆಯಲ್ಲಿ ಮಾಡಬಹುದಾದ ಕೆಲಸಗಳೆಲ್ಲ ಕಣ್ಣಿಗೆ ಬಿದ್ದು ಕೈ ತುರಿಸುತ್ತಿತ್ತು: ಮೇಜಿನ ಧೂಳು, ಸೊಟ್ಟಗಿದ್ದ ಕ್ಯಾಲೆಂಡರು, ತೊಟ್ಟಿಕ್ಕುವ ನಲ್ಲಿ. ಅವಳು ಏಳಲಿಲ್ಲ.

ಕೆಲವು ಚುಕ್ಕಿಗಳಿಗೊಮ್ಮೆ ಒಂದೇ ಸ್ಕ್ರೂ ಉಳಿಸಿ ಉಗುರು ಆಡಿಸಿದಳು. ಮಧ್ಯದಲ್ಲೊಮ್ಮೆ ಬಲತುದಿ ಏಳುವಂತೆ ಕಂಡಿತು. ಮುಂದಿನ ಚುಕ್ಕಿಯನ್ನು ಎದುರು ಕಡೆ, ಮೆತ್ತಗೆ, ಒಂದೇ ಒಂದು ಹಾಕಿ, ಆರುವವರೆಗೆ ಕಾದಳು. ಇಳಿಯಿತು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಬೆಸುಗೆ ಸುತ್ತಲೂ ಕೂಡಿಕೊಂಡ ಮೇಲೆ ಎಡತುದಿ ಬಿಗಿದು ಬಲಕ್ಕೆ ನೋಡಿದಳು, ಬಲತುದಿ ಬಿಗಿದು ಎಡಕ್ಕೆ ನೋಡಿದಳು, ನಡುವಿನದೊಂದನ್ನೇ ಬಿಗಿದು ಎರಡೂ ಕಡೆ ನೋಡಿದಳು. ಉಗುರು ಎಲ್ಲೂ ತಡೆಯದೆ ಜಾರಿತು.

ಎದ್ದು ಯಜಮಾನರ ಮುಂದೆ ಇಟ್ಟಳು. ಅವರು ತಮ್ಮ ಉಗುರು ಆಡಿಸಿದರು, ಆಮೇಲೆ ಅಚ್ಚನ್ನು ಮೇಣದಕ್ಕನ ಕಡೆ ತಳ್ಳಿದರು.

"ಶನಿವಾರಕ್ಕೆ ಆಗತ್ತಾ ಅಕ್ಕ?" ಗಿರಗಿಟ್ಲೆ ಕೇಳಿದಳು.

ಮೇಣದಕ್ಕ ಯಜಮಾನರ ಮುಖ ನೋಡಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. "ಒಂದು ಅವಸರ ಮುಗಿಸಿ ಬಂದ್ವಲ್ಲ. ಇನ್ನೊಂದು ಬೇಡ."

*

ಭಾನುವಾರ ಮಾವ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ತುತ್ತೂರಿಯ ಪೆಟ್ಟಿಗೆ ಹಿಡಿದು, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಹೊರಟರು. ಊದಲಾಗದವರು ಯಾಕೆ ಹೋಗುತ್ತಿದ್ದಾರೆಂದು ಕೇಳುವ ಧೈರ್ಯ ಅತ್ತೆಗೂ ಬರಲಿಲ್ಲ. ಸೊಸೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದಳು. ಗಂಡ ಪತ್ರಿಕೆಯ ಹಿಂದಿನಿಂದ, "ನಾನು ಹೇಳಿರ್ಲಿಲ್ವಾ," ಎಂದು ಶುರುಮಾಡಿದ. ಅವಳು ನೋಡಿದ ರೀತಿಗೆ ಪತ್ರಿಕೆಯನ್ನು ಇನ್ನಷ್ಟು ಮೇಲೆ ಹಿಡಿದುಕೊಂಡ.

ಮಾವ ಊಟದ ಹೊತ್ತಿಗೆ ಮೊದಲೇ ಬಂದರು. ಸಮವಸ್ತ್ರ ಬಿಚ್ಚಿ, ಮಡಚಿ, ಹಾಸಿಗೆಯ ಮೇಲಿಟ್ಟು, ಹೆಂಡತಿಗೆ ಹೇಳಿದರು: "ಅವಳಿಗೆ ಹೇಳು. ಮೊದಲ ಕುರ್ಚಿ ಬಲೂನಿಗೆ ಹೋಯ್ತು. ನನಗೆ ಮೂರನೇದು ಇಟ್ಟಿದ್ದಾರೆ. ಹಲ್ಲು ಬಂದ ಮೇಲೆ ಊದಿ ತೋರಿಸಿದ್ರೆ ಅದು."

ಅವಳು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದಳು. ಅತ್ತೆ ಈ ಸಲ ದಾಟಿಸಲಿಲ್ಲ.

"ಅವಳಿಗೆ ಕಿವಿ ಇದೆ ರೀ," ಎಂದರು.

ನಾಲ್ಕಾರು ದಿನ ಮನೆಯಲ್ಲಿ ಮಾತೆಲ್ಲ ಅತ್ತೆಯ ಮೂಲಕವೇ ನಡೆಯಿತು. ಉಪ್ಪು ಬೇಕಾದರೂ ಅತ್ತೆ, ಫ್ಯಾನು ಹಾಕಬೇಕಾದರೂ ಅತ್ತೆ. "ನನ್ನನ್ನ ಅಂಚೆ ಕಚೇರಿ ಮಾಡ್ಕೊಂಡಿದ್ದೀರಿ," ಎಂದು ಅವರು ಗೊಣಗಿದರು.

ಹಲ್ಲು ಬಂದದ್ದು ಮುಂದಿನ ಗುರುವಾರ. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಎಡತುದಿಯ ಸ್ಕ್ರೂ ಬಿಗಿದು ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಾವ ಅವರ ಕೈ ತಡೆದರು. ತಮ್ಮ ತೋರುಬೆರಳನ್ನು ಬಾಯಿಗೆ ಹಾಕಿ ಬಲತುದಿಯನ್ನು ಒತ್ತಿ ನೋಡಿದರು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಒಸಡಿನ ಕೆಳಗೆ ಇರುವುದು ಬೆರಳಿಗೆ ಏನು ತಿಳಿಯುತ್ತದೆ ಎಂದು ಡಾಕ್ಟರಮ್ಮನೂ ಹೇಳಲಿಲ್ಲ, ಸೊಸೆಯೂ ಹೇಳಲಿಲ್ಲ. ಕೊನೆಗೆ ಬೆರಳು ತೆಗೆದು, ಹಾಕಿ ಎಂಬಂತೆ ಕೈಸನ್ನೆ ಮಾಡಿದರು.

ಮನೆಗೆ ಬಂದವರೇ ಕೋಣೆಗೆ ಹೋಗಿ ತುತ್ತೂರಿ ತೆಗೆದರು. ಮೊದಲು ಬರೀ ಗಾಳಿ ಬಂತು. ಆಮೇಲೆ ಬಾಗಿಲ ತಿರುಗಣಿ ಕಿರುಗುಟ್ಟುವಂಥದ್ದೇನೋ. ತಿಂಗಳುಗಟ್ಟಲೆ ಸುಮ್ಮನಿದ್ದ ತುಟಿ ಹಿಡಿತ ಮರೆತಿತ್ತು. ಒಂದು ಕೆಳಸ್ವರ ಹಿಡಿದರು, ಅದು ಸ್ವಲ್ಪ ದೂರ ಹೋಗಿ ಒಡೆಯಿತು.

"ಎಮ್ಮೆ ಕರು ಹಾಕ್ತಿದ್ಯಾ?" ಅಡುಗೆಮನೆಯಿಂದ ಅತ್ತೆ ಕೇಳಿದರು.

ಸೊಸೆಗೆ ತಡೆಯಲಾಗಲಿಲ್ಲ. ನೀರಿನ ಲೋಟ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ಮಾವ ತುತ್ತೂರಿಯನ್ನು ಕೆಳಗಿಳಿಸಿದರು. ಮುಖಕ್ಕೆ ಏನನ್ನೂ ಅಡ್ಡ ಹಿಡಿಯಲಿಲ್ಲ. ಹೊಸ ಹಲ್ಲಿನಲ್ಲಿ ಅವರ ಮುಖ ಎಳೆಯದಾಗಿ, ಬೇರೆ ಯಾರದ್ದೋ ಎಂಬಂತೆ ಕಾಣುತ್ತಿತ್ತು.

"ಆವತ್ತು ಬಿಗಿ ಇತ್ತು," ಎಂದರು.

"ಗೊತ್ತಿತ್ತು ಮಾವ."

"ಇವತ್ತು ಇಲ್ಲ."

"ಹ್ಞೂಂ."

"ಹಾಗಂತ ನನ್ನ ಕುರ್ಚಿ ವಾಪಸ್ ಬರಲ್ಲ."

"ಇಲ್ಲ ಮಾವ."

ಅವರು ನೀರು ಕುಡಿದು ಲೋಟ ವಾಪಸು ಕೊಟ್ಟರು. "ಬಲೂನು ಮೇಲಿನ ಸ್ವರಕ್ಕೆ ಹೋದ್ರೆ ಒಡೀತಾನೆ. ಯಾವಾಗ್ಲೂ ಒಡೀತಾನೆ. ಮೇಷ್ಟ್ರು ಮುಂದಿನ ವರ್ಷ ಮತ್ತೆ ಕೇಳ್ತಾರಂತೆ." ತುಟಿಯನ್ನು ಬೆರಳಿನಿಂದ ಒರೆಸಿಕೊಂಡರು. "ಹೋಗು. ಬಾಗಿಲು ಹಾಕ್ಕೊಂಡು ಹೋಗು. ಕೇಳೋ ಹಾಗಿಲ್ಲ ಇದು."

ಅವಳು ಬಾಗಿಲು ಹಾಕಿದಳು. ಒಳಗೆ ಅದೇ ಕೆಳಸ್ವರ ಮತ್ತೆ ಶುರುವಾಯಿತು, ಮೊದಲಿನಷ್ಟೇ ದೂರ ಹೋಯಿತು, ಮತ್ತೆ ಒಡೆಯಿತು.